ಯಾರ ಅಂಗೈಗೆ?

ನಮ್ಮ ಅಂಗಡಿಗೆ ಯಾರೇ ಬಂದರೂ ನಾನು ಮೊದಲು ಕೇಳುವ ಮಾತು ಒಂದೇ: "ಯಾರ ಅಂಗೈಗೆ?" ಪಿಸ್ತೂಲು ಯಾರದು ಎಂಬುದು ಆಮೇಲಿನ ವಿಚಾರ. ಅದನ್ನು ಹೊರುವುದು ಒಬ್ಬರ ಸೊಂಟ, ಅದರ ಒದೆ ತಿನ್ನುವುದು ಇನ್ನೊಬ್ಬರ ಅಂಗೈ. ನೀವು ಪಿಸ್ತೂಲಿನ ಕುದುರೆ ಎಳೆದು ಗುಂಡು ಹಾರಿಸಿದಾಗ, ನಿಮ್ಮನ್ನು ಎಲ್ಲರಿಗಿಂತ ಹೆಚ್ಚಾಗಿ ಹಚ್ಚಿಕೊಂಡವರು ಯಾರಿದ್ದಾರೋ ಅವರ ಬಲಗೈ ಹಿಂದಕ್ಕೆ ಜಿಗಿಯುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಒದೆ ನಿಮ್ಮ ಕೈಗೇ. ನೀರು ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ಯಾರೂ ನನ್ನನ್ನು ಕೇಳಿಲ್ಲ, ಇದು ಹೀಗೇಕೆ ಎಂದೂ ಕೇಳಿಲ್ಲ.

ನಮ್ಮೂರಿನಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ಒಂದು ಕಿರುಪಿಸ್ತೂಲು ಇಟ್ಟುಕೊಳ್ಳಬೇಕು. ಅದು ಯಾರ ಕಣ್ಣಿಗೂ ಬೀಳಬಾರದು. ಹೆಂಗಸರು ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಕೆಳಗೆ ಇಟ್ಟುಕೊಳ್ಳುತ್ತಾರೆ, ಗಂಡಸರು ಬನಿಯನ್ನಿನ ಒಳಕಿಸೆಯಲ್ಲಿ. ಇಷ್ಟು ವರ್ಷಗಳಲ್ಲಿ ಅದರಿಂದ ಒಂದು ಕಾಗೆಯೂ ಸತ್ತಿಲ್ಲ. ವರ್ಷಕ್ಕೊಮ್ಮೆ ಗುಂಡಿನ ದಿನ ಬರುತ್ತದೆ. ಅಂದು ಓಣಿಯ ಸರದಿಯಂತೆ ಒಣಗಿದ ಕೆರೆಯಂಗಳಕ್ಕೆ ಹೋಗಿ ಮಣ್ಣಿನ ಗೋಡೆಗೆ ಒಂದು ಗುಂಡು ಹಾರಿಸಿ ಬರಬೇಕು, ಅಷ್ಟೇ. ಆ ದಿನ ಯಾರೂ ಬಲಗೈಯಲ್ಲಿ ಕೂಸು ಎತ್ತಿಕೊಳ್ಳುವುದಿಲ್ಲ, ಕ್ಷೌರದವರು ಕತ್ತಿ ಮುಟ್ಟುವುದಿಲ್ಲ, ಬಾಣಲೆಗೆ ಎಣ್ಣೆ ಹಾಕುವುದಿಲ್ಲ. ಮನೆಯಲ್ಲಿದ್ದವರು ತಲೆದಿಂಬಿನ ಮೇಲೆ ಅಂಗೈ ಚಾಚಿಕೊಂಡು ಕೂತಿರುತ್ತಾರೆ. ಸಂಜೆಗೆ, ಒದೆ ತಿಂದವರು ಹಾರಿಸಿದವರ ಮನೆಗೆ ಹೋಗಿ ಕೈ ತೋರಿಸಬೇಕು, ಹಾರಿಸಿದವರು ಆ ಅಂಗೈಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕಬೇಕು. ನಮಗೆ ಯಾರ ಮೇಲೆ ಜೀವ ಎಂಬುದು ನಮಗೆ ಗೊತ್ತಿರುತ್ತದೆ. ನಮ್ಮ ಮೇಲೆ ಯಾರಿಗೆ ಜೀವ ಎಂಬುದು ಒಂದು ಅಂಗೈ ಬಾಗಿಲಿಗೆ ಬಂದು ಹೇಳಿದರೆ ಮಾತ್ರ ಗೊತ್ತು.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ, ಹೇಗೂ ಊರಿಗೆಲ್ಲ ಗೊತ್ತಿದೆ. ನನ್ನ ಒದೆ ಹೋಗುವುದು ನನ್ನ ಅತ್ತೆ ಹಾಲವ್ವನ ಅಂಗೈಗೆ. ಮದುವೆಯಾದ ವರ್ಷ ಹೆಂಡತಿ ಕಸ್ತೂರಿ ದಿಂಬಿನ ಮೇಲೆ ಕೈ ಚಾಚಿಕೊಂಡು, ಮುಡಿದ ಹೂ ಬಾಡುವವರೆಗೆ ಕೂತಿದ್ದಳಂತೆ. ಒಳಗೆ ಮೊಸರು ಕಡೆಯುತ್ತಿದ್ದ ಅತ್ತೆಯ ಕೈಯಿಂದ ಕಡೆಗೋಲು ಹಾರಿ ಗೋಡೆಗೆ ಬಡಿಯಿತು. "ನನಗ ಗಂಡನ ಮ್ಯಾಲೆ ಪ್ರೀತಿ ಕಮ್ಮಿ ಅಂತ ಊರೆಲ್ಲ ಆಡಿಕೊಳ್ಳಾಂಗ ಮಾಡಿದಿ" ಎಂದು ಕಸ್ತೂರಿ ತಾಯಿಯ ಜೊತೆ ಆಡಿದ ಜಗಳ ಇನ್ನೂ ಮುಗಿದಿಲ್ಲ. ಅತ್ತೆ ಮಾತ್ರ ಪ್ರತಿ ವರ್ಷ ಠೀವಿಯಿಂದ ನನ್ನ ಮುಂದೆ ಕೈ ಚಾಚಿ, "ತಿಕ್ಕ್ರಿ ಅಳಿಯಾರ" ಅನ್ನುತ್ತಾಳೆ.

ನನ್ನ ಕೆಲಸ ಹಿಡಿಕೆ ಮಾಡುವುದು. ಪಿಸ್ತೂಲು ಸಣ್ಣದಾದಷ್ಟೂ ಒದೆ ದೊಡ್ಡದು. ಭಾರದ್ದಾದರೆ ಕಬ್ಬಿಣವೇ ಅರ್ಧ ಒದೆಯನ್ನು ನುಂಗಿಕೊಳ್ಳುತ್ತದೆ, ಹಗುರದ್ದು ಬಂದದ್ದನ್ನೆಲ್ಲ ಹಾಗೇ ದಾಟಿಸುತ್ತದೆ. ಹಿಡಿಕೆ ಗಿಡ್ಡವಾದರೆ ಕಿರುಬೆರಳಿಗೆ ಜಾಗ ಇರುವುದಿಲ್ಲ. ತೆಳ್ಳಗಾದರೆ ಹೆಬ್ಬೆರಳಿನ ಸಂದು ಸೀಳುತ್ತದೆ. ಅದಕ್ಕೇ ಒದೆ ತಿನ್ನುವವರನ್ನು ಕೂರಿಸಿ, ಅವರ ಮುಷ್ಟಿಯಲ್ಲಿ ಮೇಣದ ಉಂಡೆ ಹಿಂಡಿಸಿ, ಆ ಅಚ್ಚಿಗೆ ಸರಿಯಾಗಿ ಮರ ಕೆತ್ತಿ ಮೇಲೆ ರಬ್ಬರು ಸುತ್ತುತ್ತೇನೆ. ರಬ್ಬರಿನ ಮೇಲೊಂದು ಚಿತ್ತಾರ ಕೊರೆಯುತ್ತೇನೆ. ಒಬ್ಬರಿಗೆ ಕೊರೆದದ್ದನ್ನು ಇನ್ನೊಬ್ಬರಿಗೆ ಕೊರೆಯುವುದಿಲ್ಲ. ಗುಂಡಿನ ದಿನ ಆ ಚಿತ್ತಾರ ಸಮೇತ ಒದೆ ಹೋಗಿ ಅಂಗೈ ಮೇಲೆ ಅಚ್ಚೊತ್ತುತ್ತದೆ, ನಾಲ್ಕಾರು ದಿನ ನೀಲಿಗಟ್ಟಿ ಉಳಿಯುತ್ತದೆ.

ಈ ಸಲ ಪಂಚರು ಹೊಸ ಪಿಸ್ತೂಲು ತರಿಸಿದರು. ಹಳೆಯವು ದಪ್ಪವಂತೆ, ಸಂಚಿಯಲ್ಲಿ ಉಬ್ಬಿ ಕಾಣುತ್ತವಂತೆ. ಹೊಸವು ಬೆಲ್ಲದಚ್ಚಿನಷ್ಟು ಇದ್ದವು, ಹಿಡಿದರೆ ತೂಕವೇ ಇಲ್ಲ. ಊರು ಹಿಗ್ಗಿತು, ನಾನು ಇದ್ದ ರಬ್ಬರು ಸಾಕೇ ಎಂದು ನೋಡತೊಡಗಿದೆ. ಅಂಗಡಿಯ ಮುಂದೆ ಸಾಲು ನಿಂತಿತು. ಆ ಸಾಲಿನ ಕೊನೆಯಲ್ಲಿ, ಎಲ್ಲರೂ ಹೋಗಲಿ ಎಂದು ಕಾದು ಬಂದವಳು ನೀಲಗಂಗವ್ವ.

ನೀಲಗಂಗವ್ವ ರೊಟ್ಟಿ ಖಾನಾವಳಿ ನಡೆಸುವ ವಿಧವೆ. ಅವಳ ಗಂಡ ಮಲ್ಲೇಶಪ್ಪನಿಗೆ ಅವಳು ಎರಡನೆಯವಳು. ಮೊದಲನೆಯವಳು ತೀರಿಕೊಂಡಾಗ ಇನ್ನೂ ಹಾಲುಹಲ್ಲು ಬೀಳದಿದ್ದ ಮಗಳು ತುಂಗಾಳನ್ನು ಸಾಕಿದವಳು ಇವಳೇ. ಹೆತ್ತಿರಲಿಲ್ಲ ಅಷ್ಟೇ, ಉಳಿದದ್ದೆಲ್ಲ ಮಾಡಿದ್ದಳು. ಮಲ್ಲೇಶಪ್ಪ ಇರುವವರೆಗೆ ಇವಳ ಒದೆ ಅವನ ಅಂಗೈಗೆ ಹೋಗುತ್ತಿತ್ತು. ಅವನು ತೀರಿಕೊಂಡ ವರ್ಷವೇ ತುಂಗಾ, ಕಾಳಿನ ಪೇಟೆಯಲ್ಲಿ ಮೂಟೆ ಹೊರುವ ಫಕೀರಪ್ಪನನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿದಳು. ನೀಲಗಂಗವ್ವನ ಬಾಯಿಂದ ಆ ದಿನ ಒಂದು ಮಾತು ಬಿತ್ತು: "ನೀ ನನ್ನ ಹೊಟ್ಟ್ಯಾಗ ಹುಟ್ಟಿದ್ರ ಹಿಂಗ ಮಾಡ್ತಿರಲಿಲ್ಲ." ತುಂಗಾ, "ಹುಟ್ಟಿಲ್ಲಲ್ಲ, ಬಿಡು" ಎಂದು ಉಟ್ಟ ಸೀರೆಯಲ್ಲಿ ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತುಂಗಾ ಈಗ ಬಳೆಗಾರ ಓಣಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ಖಾನಾವಳಿ ಎದುರು ಬಂದರೆ ಸೆರಗು ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಾಳೆ.

ನೀಲಗಂಗವ್ವ ಹೊಸ ಪಿಸ್ತೂಲನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. "ದಾನಪ್ಪ, ಇದು ಪಿಸ್ತೂಲಲ್ಲೋ, ಕತ್ತೆ ಕಾಲು. ಇದರ ಒದಿ ತಿಂದವರ ಕೈ ಉಳಿತೈತೇನು? ಮೆತ್ತಗಿಂದೊಂದು ಹಿಡಿಕಿ ಹಾಕಿ ಕೊಡು."

"ಯಾರ ಅಂಗೈಗೆ ಯಕ್ಕಾ?"

ಅವಳು ಪಿಸ್ತೂಲನ್ನು ಮೇಜಿನ ಮೇಲೆ ಒಂದಿಷ್ಟು ದೂರ ತಳ್ಳಿದಳು. ಆಮೇಲೆ, "ಅದ ಗೊತ್ತಿಲ್ಲೋ ತಮ್ಮಾ" ಅಂದಳು. "ನಾ ಹಾರಿಸಿದಾಗ ನನ್ನ ಕೈಗೆ ಏನೂ ಆಗಂಗಿಲ್ಲ, ಹೂವು ಹಿಡದಂಗ ಇರ್ತೈತಿ. ಅಂದಮ್ಯಾಲೆ ಯಾರದೋ ಕೈ ಬಡಿಸಿಕೊಳ್ಳಾಕತ್ತೈತಿ. ನಮ್ಮ ಮನಿಯವರು ಹೋದಾಗಿಂದ ವರ್ಷಾ ಎಣ್ಣಿ ಕಾಸಿ ಇಡ್ತೀನಿ, ಒಬ್ಬರೂ ಬರಂಗಿಲ್ಲ. ಹಳೇ ಪಿಸ್ತೂಲು ಭಾರ ಇತ್ತು, ತಡಕೊಂಡಿದ್ದಾರು. ಈ ಸಲ ಯಾರಾದ್ರೂ ಮುದುಕ್ರು ಇದ್ದು, ಎಲುಬು ಮುರಿದ್ರ? ನನ್ನಂಥಾಕಿನ್ನ ಹಚ್ಚಿಕೊಂಡ ತಪ್ಪಿಗೆ ಅವರಿಗೆ ಇದೇನೋ? ಮೆತ್ತಗ ಆಗಾಂಗಿಲ್ಲಂದ್ರ ಹೇಳಿಬಿಡು, ನಾ ಹಾರಸಾಂಗಿಲ್ಲ."

ಹಾರಿಸದಿದ್ದವರು ಊರಿನವರಲ್ಲ. ಹಳ್ಳದ ಆಚೆಯ ಗುಡಿಸಲಿಗೆ ಹೋಗಬೇಕು, ಅವರ ಕೈಯಿಂದ ಯಾರೂ ಕೊಳ್ಳುವಂತಿಲ್ಲ, ಉಣ್ಣುವಂತಿಲ್ಲ. ನೀಲಗಂಗವ್ವ ಇದನ್ನೆಲ್ಲ ತಿಳಿದೇ ಆ ಮಾತು ಆಡಿದ್ದಳು. ನಾನು, "ಮಾಡಿ ಕೊಡ್ತೀನಿ, ಹಾರಸಾಂಗಿಲ್ಲ ಅನ್ನಬ್ಯಾಡ" ಎಂದೆ.

ಎಂದದ್ದೇನೋ ಎಂದೆ. ಗೊತ್ತಿಲ್ಲದ ಅಂಗೈಗೆ ಹಿಡಿಕೆ ಮಾಡುವುದು ಹೇಗೆ? ಅವಳು ಹೋದ ಮೇಲೆ ನನಗೊಂದು ನೆನಪು ಬಂತು. ಹೋದ ವರ್ಷ ಗುಂಡಿನ ದಿನದ ಮರುದಿನ ನಾನು ಖಾನಾವಳಿಯಲ್ಲಿ ಉಂಡಿದ್ದೆ. ನೀಲಗಂಗವ್ವನ ಬಲಗೈಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಬಡಿಸುತ್ತಿದ್ದಳು. ಕೇಳಿದರೆ ತವಾ ಸುಟ್ಟಿತು ಅಂದಿದ್ದಳು. ಮೂವತ್ತು ವರ್ಷ ರೊಟ್ಟಿ ಬಡಿದವಳಿಗೆ ತವಾ ಸರಿಯಾಗಿ ಗುಂಡಿನ ದಿನವೇ ಸುಡುತ್ತದೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡೆ. ಪಾಪ, ಇವಳ ಒದೆ ಇವಳಿಗೇ ಬಡಿಯುತ್ತಿದೆ. ಹಚ್ಚಿಕೊಂಡವರು ಒಬ್ಬರೂ ಇಲ್ಲ ಎಂದು ಹೇಳಿಕೊಳ್ಳಲಾಗದೆ, ಇಲ್ಲದ ಒಂದು ಅಂಗೈಯನ್ನು ಕಟ್ಟಿಕೊಂಡು ಬದುಕುತ್ತಿದ್ದಾಳೆ. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡೆ. ಕಸ್ತೂರಿ ಕಾರಣ ಕೇಳಿದಾಗ ಮೆಣಸಿನಕಾಯಿ ಘಾಟು ಅಂದೆ.

ಅವಳ ಅಂಗೈಗೇ ಹಿಡಿಕೆ ಮಾಡುವುದೆಂದು ನಿರ್ಧರಿಸಿದೆ. ಆದರೆ ಮೇಣ ಹಿಂಡು ಅಂದರೆ ಅವಳ ಮರ್ಯಾದೆ ಏನಾಗಬೇಕು? ಮರುದಿನ ಮಧ್ಯಾಹ್ನ ಖಾನಾವಳಿಗೆ ಹೋಗಿ ಮುಟಗಿ ಕೇಳಿದೆ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ ಖಾರದ ಜೊತೆ ಕುಟ್ಟಿ, ಮುಷ್ಟಿಯಲ್ಲಿ ಹಿಂಡಿ ತಾಟಿಗೆ ಹಾಕುತ್ತಾರಲ್ಲ, ಅದೇ ಮುಟಗಿ. ಐದು ಬೆರಳಿನ ಗುರುತು, ಅಂಗೈ ಗುಳಿಯ ಉಬ್ಬು, ಎಲ್ಲ ಅದರಲ್ಲಿ ಇದ್ದಂತೆಯೇ ಇಳಿದಿರುತ್ತದೆ. ಅವಳು ಆಚೆ ತಿರುಗಿದಾಗ ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದೆ. "ಏನೋ, ನೀರ ಕುಡೀದ ಹೊಂಟಿ?" ಎಂದು ಕೂಗಿದಳು. ಅಂಗಡಿ ಮುಟ್ಟುವವರೆಗೆ ಬೆನ್ನಿಗೆ ಬೆಳ್ಳುಳ್ಳಿ ಘಮ ಹತ್ತಿಕೊಂಡು ಬಂತು.

ಅಂಥ ಹಿಡಿಕೆಯನ್ನು ನಾನು ಮೊದಲು ಮಾಡಿರಲಿಲ್ಲ. ರೊಟ್ಟಿ ಬಡಿದು ಬಡಿದು ಅವಳ ಅಂಗೈ ಅಗಲವಾಗಿತ್ತು, ನಡುವೆ ಆಳವಾದ ಗುಳಿ. ಆ ಗುಳಿಗೆ ಸರಿಯಾಗಿ ಕೂರುವಂತೆ ಒಂದು ಗಂಟು ಬಿಟ್ಟು, ಕಿರುಬೆರಳಿಗೂ ಜಾಗ ಮಾಡಿ, ಮೇಲೆ ಮೆಂತ್ಯದ ಎಲೆಯ ಚಿತ್ತಾರ ಕೊರೆದೆ. ಹಿಡಿದು ನೋಡಿದ ನೀಲಗಂಗವ್ವ ಬೆರಗಾದಳು. "ನಾನ ಹಿಂಡಿ ಮಾಡಿದಂಗ ಐತೆಲ್ಲೋ! ಆದ್ರ ಇದು ನನಗ್ಯಾಕ, ಆ ಕೈಗೆ ಹೊಂದಬೇಕಲ್ಲ?" ನಾನು ಜಾಣತನದಿಂದ, "ಹೊಂದ್ತೈತಿ, ನಾ ಅದೀನಲ್ಲ" ಎಂದೆ. ಆ ಜಾಣತನ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದೇ ವಾರ ತುಂಗಾ ಕೂಡ ಬಂದಿದ್ದಳು. ಯಾರ ಅಂಗೈಗೆ ಎಂದರೆ ಹಿಂದೆ ನಿಂತ ಫಕೀರಪ್ಪನ ಕಡೆ ಗದ್ದ ತೋರಿಸಿದಳು. ಮೊರದಗಲದ ಕೈ ಅವನದು. ಅವನು ಅರ್ಧ ಸೇರು ಮೇಣವನ್ನು ಹಿಂಡಿ ಕೊಟ್ಟ. ಅದಕ್ಕೆ ಬಳೆಯ ಮೇಲೆ ಬಳೆ ಕೂತಂತೆ ಸುತ್ತುಗೆರೆಗಳ ಚಿತ್ತಾರ ಹಾಕಿ ಕೊಟ್ಟೆ.

ಗುಂಡಿನ ದಿನ ನಮ್ಮ ಓಣಿಯ ಸರದಿ ಬೆಳಗ್ಗೆಯೇ ಬಂತು. ನಾನು ಹಾರಿಸಿ ಮನೆಗೆ ಓಡಿದೆ. ಹೊಸ ಪಿಸ್ತೂಲಿನ ಒದೆಗೆ ಅತ್ತೆ ಹಾಸಿಗೆಯಿಂದಲೇ ಕೆಳಗೆ ಬಿದ್ದಿದ್ದಳು. ಬಿದ್ದಲ್ಲಿಂದಲೇ ಮಗಳ ಕಡೆ ನೋಡಿ ನಗುತ್ತಿದ್ದಳು. ಎಣ್ಣೆ ತಿಕ್ಕಿ, ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ, ಬಳೆಗಾರ ಓಣಿಯ ಸರದಿಯೂ ಮುಗಿದ ಹೊತ್ತಿಗೆ ನಾನು ಖಾನಾವಳಿಗೆ ಹೋದೆ.

ನೀಲಗಂಗವ್ವನ ಬಲಗೈಗೆ ಬಟ್ಟೆ ಸುತ್ತಿತ್ತು. ಸುತ್ತಿದ ಬಟ್ಟೆಯ ಆಚೆಗೂ ಬೆರಳು ಊದಿ ಕಾಣುತ್ತಿದ್ದವು. ನನ್ನ ಹಿಡಿಕೆ ಸೋತಿತು ಎಂದುಕೊಂಡೆ. "ಹಿಡಿಕಿ ಹೆಂಗಾತು ಯಕ್ಕಾ?" ಎಂದೆ.

"ಬಂಗಾರ ಆಗೈತೋ. ಬಡಿಸಿಕೊಂಡವರಿಗೆ ಗೊತ್ತ ಆಗಿರಾಕಿಲ್ಲ, ನೋಡು." ಎಡಗೈಯಲ್ಲಿ ಒಲೆಯ ಮೇಲೆ ಎಣ್ಣೆ ಬಟ್ಟಲು ಇಡುತ್ತಿದ್ದಳು. "ಕೈಗೇನಾತು ಅಂತ ಕೇಳಬ್ಯಾಡ, ಹಾಳ ತವಾ ಬಡೀತು."

ನಾನು ಎದ್ದು ಬರುವಾಗ ಅವಳು ಬಾಗಿಲ ಎರಡೂ ಕದ ತೆರೆದಿಟ್ಟು, ಬೀದಿಗೆ ಮುಖ ಮಾಡಿ ಕೂತಿದ್ದಳು.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ತುಂಗಾ ಬಂದು ನಿಂತಿದ್ದಳು. ಕಣ್ಣು ಕೆಂಡವಾಗಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಕಾಕಾ, ಆಕಿಗೆ ಎಂಥಾ ಹಿಡಿಕಿ ಮಾಡಿ ಕೊಟ್ಟಿ?" ಅಂದಳು ತುಂಗಾ. "ಹಿಂದಿನ ವರ್ಷದ್ದೆಲ್ಲಾ ತಡಕೊಂಡೆ. ಇದ್ಯಾವ ಗಂಟು ಇಟ್ಟೀ ನಡುವ? ಮದಿವಿ ಸುಗ್ಗಿ, ಒಂದು ಬಳಿ ಏರಿಸಾಕ ಬರವಲ್ದು!" ಅಂಗೈಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ಹುಡುಗಿಯರ ಕೈಯಷ್ಟು ಪುಟ್ಟ ಅಂಗೈ. ಹೆಬ್ಬೆರಳಿನ ಬುಡದಲ್ಲಿ ಗಂಟು ಬಡಿದು ಬದನೆಕಾಯಿಯಂತೆ ಊದಿತ್ತು. ಅದರ ಸುತ್ತ ನೀಲಿಗಟ್ಟಿದ್ದವು ಮೆಂತ್ಯದ ಎಲೆಗಳು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. "ನೀಲಗಂಗಕ್ಕನ ಒದಿ ನಿನಗ ಬರ್ತೈತೇನು?"

"ಅಪ್ಪ ಹ್ವಾದ ವರ್ಷದಿಂದ ನನಗ ಬಡ್ಯಾಕತ್ತೈತಿ. ಆಕಿ ಹಾರಿಸೂ ಹೊತ್ತು ನನಗ ಗೊತ್ತಿಲ್ಲೇನು?"

"ಆಕಿ ವರ್ಷಾ ಎಣ್ಣಿ ಕಾಸಿಕೊಂಡು ಕುಂತಿರ್ತಾಳ. ಒಂದ ಸಲ ಹೋಗಿ ಕೈ ತೋರಸಬಾರದ?"

"ಹೊಟ್ಟ್ಯಾಗ ಹುಟ್ಟಿಲ್ಲ ಅಂದಾಕಿಗೆ ಹೋಗಿ ನಾ ಕೈ ತೋರಸ್ಲೇನು?" ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ, ನಾ ಮುಚ್ಚಿಕೊಂಡೇನಿ."

"ಕೈ ಮುಚ್ಚಬಹುದವ್ವಾ, ಒದಿ ಮುಚ್ಚಾಕ ಬರಂಗಿಲ್ಲ" ಎಂದಳು ಅತ್ತೆ, ಸೊಪ್ಪಿನಿಂದ ತಲೆ ಎತ್ತದೆ. "ಆತು, ನಿಂದು ಯಾರಿಗೆ ಹೋಗ್ತೈತಿ?"

ತುಂಗಾ ತಡವರಿಸಿದಳು. "ನಮ್ಮ ಮನಿಯವರಿಗೆ ಅಂತ ಹೇಳೀನಿ. ಹೋಗಂಗಿಲ್ಲ. ಪಾಪ, ಈ ಸಲಾನೂ ಕೈ ಚಾಚಿಕೊಂಡ ಕುಂತಿದ್ರು. ಆಮ್ಯಾಲೆ, 'ನನ್ನ ಕೈ ದಪ್ಪ, ಬಡದ್ರೂ ತಿಳದಿಲ್ಲ ಬಿಡು' ಅಂದ್ರು. ಯಾರಿಗೆ ಬಡೀತೈತೋ, ಯಾರೂ ಬರಂಗಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು ನನಗೆ. ನೀಲಗಂಗವ್ವನ ಒದೆ ತುಂಗಾಳಿಗೆ ಹೋಗುವುದಾದರೆ, ನೀಲಗಂಗವ್ವನ ಕೈ ಊದಿಸಿದ್ದು ಯಾರ ಒದೆ? ಅತ್ತೆ ನನ್ನನ್ನು ನೋಡಿದಳು, ನಾನು ತುಂಗಾಳನ್ನು ನೋಡಿದೆ. ತುಂಗಾಳಿಗೆ ಇನ್ನೂ ಹೊಳೆದಿರಲಿಲ್ಲ. "ಬಾ, ಹೋಗಿ ಜಗಳಾನ ಆಡಿ ಬಾ. ಗಂಟು ನಂದ, ಬೈಯೂದು ಆಕಿಗೆ ಬೈ" ಎಂದು ಅವಳನ್ನು ಕರೆದುಕೊಂಡು ಹೊರಟೆ. ಸಿಟ್ಟಿನಲ್ಲಿದ್ದವರನ್ನು ಜಗಳಕ್ಕೆ ಕರೆದರೆ ಬರುತ್ತಾರೆ, ರಾಜಿಗೆ ಕರೆದರೆ ಬರುವುದಿಲ್ಲ.

ಖಾನಾವಳಿಯ ಕದ ನಿನ್ನೆ ತೆರೆದಿಟ್ಟ ಹಾಗೇ ಇತ್ತು. ಒಲೆಯ ಪಕ್ಕ ಎಣ್ಣೆ ಬಟ್ಟಲು ಆರಿ ಕೂತಿತ್ತು. ನೀಲಗಂಗವ್ವ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. ಹೊಸಿಲಲ್ಲಿ ತುಂಗಾಳನ್ನು ಕಂಡು ಕೈ ನಿಂತಿತು. ತುಂಗಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳವೆಲ್ಲ ಎಲ್ಲಿ ಹೋಯಿತೋ, ಸುಮ್ಮನೆ ಊದಿದ ಅಂಗೈ ಮುಂದೆ ಚಾಚಿದಳು.

ನೀಲಗಂಗವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಮೆಂತ್ಯದ ಎಲೆಗಳನ್ನು ನೋಡಿದಳು. "ನೀನ?" ಎಂದಳು. ಆಮೇಲೆ ಮತ್ತೊಮ್ಮೆ, ಉಸಿರಿನಲ್ಲೇ, "ಇಷ್ಟ ದಿನಾ ನೀನ?" ಎಂದಳು. ತಟ್ಟನೆ ನನ್ನ ಕಡೆ ತಿರುಗಿ, "ಹೊಂದ್ತೈತಿ ಅಂದ್ಯಲ್ಲೋ ಮುಂಡೇಗಂಡಾ! ಕೂಸಿನ ಕೈ ಏನ ಮಾಡಿಟ್ಟಿ ನೋಡು!" ಎಂದು ಹಿಟ್ಟಿನ ಕೈ ಎತ್ತಿದಳು.

ಬೈಗುಳ ತಿಂದು ನಾನು ಹೇಳಿದೆ: "ಬೈ ಯಕ್ಕಾ. ಆದ್ರ ನಿನ್ನ ಕೈಯಿಂದೂ ಒಮ್ಮೆ ಬಿಚ್ಚು."

"ನಂದೇನೈತಿ, ತವಾ ಬಡೀತು."

ಬಟ್ಟೆಯನ್ನು ಬಿಚ್ಚಿದವಳು ತುಂಗಾ. ಅಗಲವಾದ ಆ ಅಂಗೈಯ ತುಂಬ, ಬಳೆಯ ಮೇಲೆ ಬಳೆ ಕೂತಂತೆ, ನೀಲಿ ಸುತ್ತುಗೆರೆಗಳು. ಫಕೀರಪ್ಪನ ಮೊರದಗಲದ ಕೈಗೆಂದು ಮಾಡಿದ ಹಿಡಿಕೆ ಬಡಿದು ಬೆರಳುಗಳ ಬುಡವೆಲ್ಲ ಒಡೆದಿತ್ತು. ತುಂಗಾ ಒಂದೊಂದೇ ಗೆರೆಯ ಮೇಲೆ ಬೆರಳು ಆಡಿಸಿದಳು.

"ತವಾದಾಗ ಬಳಿ ಚಿತ್ತಾರ ಇರ್ತೈತೇನು?" ಎಂದಳು ಕೊನೆಗೆ. "ವರ್ಷಾ ನಾ ಎಣ್ಣಿ ಕಾಸಿ ಇಡ್ತಿದ್ದೆ. ಬರಬೇಕಿತ್ತಿಲ್ಲೋ?"

"ಯಾವ ಮಾರಿ ಇಟ್ಟಕೊಂಡ ಬರ್ಲಿ? ಅಂಥಾ ಮಾತ ಆಡಿದಾಕಿ."

ಇಬ್ಬರೂ ಎಣ್ಣೆ ಕಾಸಿಟ್ಟು ತಂತಮ್ಮ ಬಾಗಿಲಲ್ಲಿ ಕಾದವರು, ಇಬ್ಬರೂ ಕೈ ಮುಚ್ಚಿಕೊಂಡು ಕೂತವರು. ನನಗೆ ಅಲ್ಲಿ ನಿಲ್ಲಲು ಸಂಕೋಚವಾಯಿತು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನೀಲಗಂಗವ್ವ ಬಟ್ಟಲನ್ನು ಒಲೆಗೆ ಇಟ್ಟಳು. ಎಣ್ಣೆ ಬೆಚ್ಚಗಾದ ಮೇಲೆ ತಿಕ್ಕಲು ಹೋದರೆ ಇಬ್ಬರದೂ ಬಲಗೈ ಏಳುವಂತಿಲ್ಲ. ಎಡಗೈಯಲ್ಲಿ ಎಣ್ಣೆ ಹಚ್ಚಬಾರದೆಂದು ನೀಲಗಂಗವ್ವ ಹಿಂಜರಿದಳು. "ಎಡಗೈಲೆ ಹಚ್ಚು ಬೇ, ಶಾಸ್ತ್ರ ಆಮ್ಯಾಲೆ ನೋಡೂಣು" ಎಂದು ತುಂಗಾ ಗದರಿದಳು. ಒಲೆಯ ಮುಂದೆ ಎದುರುಬದುರು ಕೂತು, ಎಡಗೈಗಳಿಂದ ಒಬ್ಬರಿಗೊಬ್ಬರು ತಿಕ್ಕಿಕೊಂಡರು. ನೋವಾದಾಗಲೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡರು.

ಎಣ್ಣೆ ಮುಗಿದ ಮೇಲೆ ನೀಲಗಂಗವ್ವನಿಗೆ ನಾನಿರುವುದು ನೆನಪಾಯಿತು. "ಏನ ನೋಡ್ಕೋತ ನಿಂತಿ? ಆ ಗಂಟು ಕಿತ್ತೊಗದು ಮೆತ್ತಗಿಂದು ಹಿಡಿಕಿ ಮಾಡು."

ಹಾಳು ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು: "ಯಾರ ಅಂಗೈಗೆ?"

ನೀಲಗಂಗವ್ವ ಒಲೆಗೆ ತವಾ ಏರಿಸಿ, ಒಂದು ರೊಟ್ಟಿ ಬೇಯಿಸಿ ಒರಳುಕಲ್ಲಿಗೆ ಹಾಕಿದಳು. ಬೆಳ್ಳುಳ್ಳಿ, ಖಾರ, ಎಣ್ಣೆ ಸೇರಿಸಿ ಎಡಗೈಯಲ್ಲೇ ಕುಟ್ಟಿದಳು. ಬಿಸಿ ಮುದ್ದೆಯನ್ನು ತುಂಗಾಳ ಪುಟ್ಟ ಅಂಗೈಯಲ್ಲಿಟ್ಟು, "ಮೆಲ್ಲಕ ಹಿಂಡವ್ವಾ, ಅಳತಿಗೆ" ಎಂದಳು. ಹಾಗಾದರೆ ಟವೆಲ್ಲಿನಲ್ಲಿ ಕದ್ದು ಒಯ್ದ ಮುಟಗಿಯ ಕಥೆ ಅವಳಿಗೆ ಅಷ್ಟರಲ್ಲಿ ಹೊಳೆದಿತ್ತು ಅನ್ನಿ.

ತುಂಗಾ ಹಲ್ಲು ಕಚ್ಚಿ ಹಿಂಡಿದಳು. ಬೆರಳು ಬಿಚ್ಚಿದಾಗ ಅಳತೆ ಚೊಕ್ಕವಾಗಿ ಇಳಿದಿತ್ತು, ನಾನು ಟವೆಲ್ ಚಾಚಿ ಕಾದು ನಿಂತೆ. ಅವಳು ಅದನ್ನು ಒಂದು ಗಳಿಗೆ ನೋಡಿದಳು, ಮೂಗಿನ ಹತ್ತಿರ ತಂದು ಮೂಸಿದಳು. ಆ ಮನೆಯ ತುತ್ತು ಬಾಯಿಗಿಟ್ಟು ಅವಳಿಗೆ ವರ್ಷಗಳೇ ಆಗಿದ್ದವು. ಕಣ್ಣಲ್ಲಿ ನೀರು ತುಂಬಿಕೊಂಡು, ಅಳತೆಯನ್ನು ಹಾಗೇ ಬಾಯಿಗೆ ಹಾಕಿಕೊಂಡಳು.

ನಾನು ಟವೆಲ್ ಮಡಿಚಿ ಹೆಗಲ ಮೇಲೆ ಹಾಕಿಕೊಂಡೆ. "ನೀ ನಾಳೆ ಬಾರೋ ದಾನಪ್ಪ" ಎಂದಳು ನೀಲಗಂಗವ್ವ, ಇನ್ನೊಂದು ರೊಟ್ಟಿಯನ್ನು ಕಲ್ಲಿಗೆ ಹಾಕುತ್ತ. "ಇವತ್ತ ಅಳತಿ ಉಳ್ಯಾಂಗಿಲ್ಲ."